ಅಕ್ಕನ ಹೆಸರಿನ ನೊಣ

ಬೀದಿಯವರು ಅವಳನ್ನು ನೊಣದ ಮೇಡಂ ಎನ್ನುತ್ತಿದ್ದರು. ಕೆಲಸ ವಸ್ತುಸಂಗ್ರಹಾಲಯದ ಕೀಟ ವಿಭಾಗದಲ್ಲಿ. ಅವಳ ಪಾಲಿಗೆ ಬಂದದ್ದು ಗೂನುಬೆನ್ನಿನ ನೊಣಗಳು: ಎಳ್ಳುಕಾಳಿನಷ್ಟು ಸಣ್ಣವು, ಅಟ್ಟಿಸಿಕೊಂಡು ಹೋದರೆ ಹಾರುವುದನ್ನು ಬಿಟ್ಟು ಗಡಿಬಿಡಿಯಿಂದ ಓಡುವಂಥವು. ರೆಕ್ಕೆಯ ನರಗಳು, ಹಿಂಗಾಲಿನ ಮುಳ್ಳುಗೂದಲು, ಗಂಡಿನ ಹೊಟ್ಟೆಯ ತುದಿಯ ಕೊಕ್ಕೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆಯುವುದು, ಯಾರೂ ಗುರುತಿಸದ ಜಾತಿಯಾದರೆ ವಿವರ ಬರೆದು ಹೆಸರಿಡುವುದು ಅವಳ ಕಸುಬು.

ಮೊದಲು ಸಿಕ್ಕ ಹೊಸ ಜಾತಿಗೆ ತೀರಿಕೊಂಡಿದ್ದ ಮೇಷ್ಟ್ರ ಹೆಸರಿಟ್ಟಳು. ಅದು ರೆಕ್ಕೆಯಿದ್ದ ಗಂಡು. ಕೆಲವು ವರ್ಷಗಳ ಮೇಲೆ ಇರುವೆಗೂಡೊಂದರಲ್ಲಿ ರೆಕ್ಕೆಯೇ ಇಲ್ಲದ ಹೆಣ್ಣು ಸಿಕ್ಕಿತು. ಅದಕ್ಕೆ ಅಕ್ಕನ ಹೆಸರು. ತಾಯಿಯಿಲ್ಲದ ತಂಗಿಯನ್ನು ಹೊಲಿಗೆ ಮಷಿನ್ ತುಳಿದು ಓದಿಸಿದವಳು ಅಕ್ಕ.

"ಚಿಟ್ಟೆಗಿಟ್ಟೆ ಸಿಗ್ಲಿಲ್ವೇನೇ ನಿಂಗೆ?" ಎಂದು ಅಕ್ಕ ಮೂಗು ಮುರಿದಳು. ಆದರೆ ಬಟ್ಟೆ ಹೊಲಿಸಲು ಬಂದವರಿಗೆಲ್ಲ ಅದೇ ಸುದ್ದಿ.

ಈ ಬೇಸಿಗೆಯಲ್ಲಿ ಇರುವೆಗೂಡಿನ ಮೇಲೆ ಬಲೆ ಬೀಸಿದಾಗ ಮೇಷ್ಟ್ರ ಹೆಸರಿನ ಗಂಡೊಂದು ಸಿಕ್ಕಿತು. ಅದರ ಹಿಂಭಾಗಕ್ಕೆ ಏನೋ ಅಂಟಿಕೊಂಡಿತ್ತು. ಮಸೂರ ಹಿಡಿದು ನೋಡಿದಳು. ಅಕ್ಕನ ಹೆಸರಿನ ಹೆಣ್ಣು! ಕೂಡಿದ ಹೆಣ್ಣನ್ನು ಗಂಡು ಹೊತ್ತುಕೊಂಡು ಹಾರುತ್ತಿತ್ತು. ಎಂದರೆ ಇವು ಎರಡು ಜಾತಿಯಲ್ಲ, ಒಂದೇ ಜಾತಿಯ ಗಂಡು ಹೆಣ್ಣು. ಅಂಥಲ್ಲಿ ಮೊದಲಿಟ್ಟ ಹೆಸರು ಉಳಿಯುತ್ತದೆ, ಎರಡನೆಯದು ಬಿದ್ದುಹೋಗುತ್ತದೆ.

"ಒಂದೇ ಜೋಡಿ ನೋಡಿ ತೀರ್ಮಾನ ಮಾಡ್ಬೇಡಿ" ಎಂದರು ವಿಭಾಗದ ಮುಖ್ಯಸ್ಥರು.

ಆ ಮಾತನ್ನೇ ನಂಬಿಕೊಂಡು ದಿನವೂ ಬಲೆ ಬೀಸಿದಳು. ಸಿಕ್ಕ ಜೋಡಿಗಳೆಲ್ಲ ಹಾಗೆಯೇ ಇದ್ದವು. ಊಟ ರುಚಿಸಲಿಲ್ಲ, ಕುರ್ಚಿಯಲ್ಲಿ ಕೂರಲಾಗಲಿಲ್ಲ. ಅಕ್ಕನ ಅಂಗಡಿಯವರೆಗೆ ಹೋಗುವುದು, ಒಳಗೆ ಕಾಲಿಡದೆ ವಾಪಸು ಬರುವುದು.

ಕೊನೆಗೆ ಅಕ್ಕನೇ ಕೂಗಿದಳು: "ಏನೇ ಅದು, ಅಂಗಾಲು ಸುಟ್ಟ ಬೆಕ್ಕಿನ ಥರ? ಒಳಗೆ ಬಾ."

ತಂಗಿ ಎಲ್ಲವನ್ನೂ ಹೇಳಿದಳು. ಮಷಿನ್ ನಿಂತಿತು.

"ಅಂದ್ರೆ ನನ್ನ ನೊಣಕ್ಕೆ ಇನ್ಮೇಲೆ ಗಂಡನ ಹೆಸರು ಅನ್ನು."

"ಹಾಗೇ ಅಂದ್ಕೋ."

"ಮದ್ವೆ ಆಗಿ ನಾನೇ ಹೆಸರು ಬದಲಾಯಿಸ್ಕೊಂಡಿಲ್ಲ, ಇದಕ್ಕೇನು ಬಂತು ರೋಗ?"

ತಂಗಿಗೆ ನಗು ಉಕ್ಕಿತು. ಅಕ್ಕ ನಗಲಿಲ್ಲ. "ಸುಮ್ನೆ ಇದ್ಬಿಟ್ರೆ ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಲ್ಲಕ್ಕ."

ಅಕ್ಕ ಹಲ್ಲಿನಿಂದ ದಾರ ಕಡಿದಳು. "ಹಾಗಾದ್ರೆ ಬೇಗ ಬರ್ದು ಮುಗ್ಸು. ಹೀಗೆ ಸುತ್ತಾಡ್ಬೇಡ."

ಬರೆದು ಮುಗಿಸಿದಳು. ಲೇಖನ ಅಚ್ಚಾದ ಮೇಲೆ ಅಕ್ಕ ಕೆಲವು ದಿನ ಮುಖ ಊದಿಸಿಕೊಂಡಿದ್ದಳು. ಆಮೇಲೆ ಫೋನ್ ಮಾಡಿದಳು: "ಮುಂದಿನ ಸಲ ಅದಕ್ಕೆ ಮದ್ವೆ ಆಗಿದ್ಯಾ ಅಂತ ವಿಚಾರಿಸ್ಕೊಂಡು ಹೆಸರಿಡು!"

ಎದೆಯ ಭಾರ ಇಳಿಯಿತು. ಆದರೆ ಸಮಾಧಾನ ಒಂದು ಮಧ್ಯಾಹ್ನವೂ ನಿಲ್ಲಲಿಲ್ಲ. ಕಪಾಟಿನ ಸೀಸೆಗಳಲ್ಲಿ ರೆಕ್ಕೆಯಿಲ್ಲದ ಹೆಣ್ಣುಗಳು ಇನ್ನೂ ಬೇಕಾದಷ್ಟಿದ್ದವು, ಒಂದೊಂದಕ್ಕೂ ಒಂದೊಂದು ಹೆಸರು. ಇವುಗಳಲ್ಲಿ ಯಾವುದರ ಗಂಡು ಯಾವುದೋ? ಕಾಫಿ ಅರ್ಧಕ್ಕೇ ಬಿಟ್ಟು, ಬಲೆ ತೆಗೆದುಕೊಂಡು ಹೊರಗೆ ನಡೆದಳು.