ಬಾವು ಬರದ ತಮ್ಮ

ಅಣ್ಣನಿಗೂ ನನಗೂ ಮಕ್ಕಳಾಗದ್ದಕ್ಕೆ ಅವ್ವನ ಹತ್ತಿರ ಗಟ್ಟಿಯಾದ ಒಂದು ಕಾರಣವಿತ್ತು. ಚಿಕ್ಕಂದಿನಲ್ಲಿ ನಮ್ಮಿಬ್ಬರಿಗೂ ಒಟ್ಟಿಗೇ ಮಂಗಬಾವು ಬಂದು ಕೆನ್ನೆ ಊದಿಕೊಂಡಿತ್ತು. ಆ ಬಾವು ಕೆಳಕ್ಕಿಳಿದು ಬೀಜ ಬತ್ತಿಸಿತೆಂದು ಕೆರಗೋಡಿನ ನಾಟಿ ವೈದ್ಯರೊಬ್ಬರು ಹೇಳಿದ್ದರು. ಆಗ ಕೈಗೂಸಾಗಿದ್ದ ತಮ್ಮನನ್ನು ಅವಳು ಬಸರಾಳಿನ ತವರಿಗೆ ಎತ್ತಿಕೊಂಡು ಹೋಗಿದ್ದಳು. ಅವನಿಗೆ ಬಾವು ತಗುಲಲಿಲ್ಲ.

“ಇವ್ನೊಬ್ಬುನ್ನ ಉಳ್ಸ್ಕಂಡೆ ಕಣಮ್ಮ” ಎಂದು ಮನೆಗೆ ಬಂದ ಹೆಂಗಸರಿಗೆಲ್ಲ ಹೇಳುವಳು. ನಮ್ಮ ಹೆಂಡಿರಿಬ್ಬರೂ ಅಲ್ಲೇ ರಾಗಿ ಕೇರುತ್ತಿರುತ್ತಿದ್ದರು.

ಸೀಮೆಎಣ್ಣೆಗೂ ಚೀಟಿ ಹಿಡಿದು ನಿಲ್ಲುತ್ತಿದ್ದ ಯುದ್ಧದ ಕಾಲ. ಮಂಡ್ಯದಲ್ಲಿ ರೈಲು ಹತ್ತಿ ಮೈಸೂರಿನ ಡಾಕ್ಟರೊಬ್ಬರ ಬಳಿ ಹೋದೆ. ಅವರು ಹೇಳಿದರೆಂದು ಇನ್ನೊಂದು ಸಲ ಅಣ್ಣನನ್ನೂ ಕರೆದೊಯ್ದೆ. ಇಬ್ಬರನ್ನೂ ಮುಟ್ಟಿ ನೋಡಿ, ಬೀಜ ಹೊರಬರುವ ನಾಳವೇ ನಿಮಗೆ ಹುಟ್ಟಿನಿಂದ ಇಲ್ಲ, ಇದು ಬಾವಿನಿಂದ ಆದದ್ದಲ್ಲ, ರಕ್ತದಲ್ಲಿ ಬಂದದ್ದು, ಔಷಧಿಯಿಲ್ಲ ಎಂದರು. ತಮ್ಮನೊಬ್ಬನಿದ್ದಾನೆ ಎಂದೆ. ಅವನಿಗೂ ಹೀಗೇ ಇರಬೇಕೆಂದಿಲ್ಲ, ಆದರೂ ಮದುವೆಗೆ ಮೊದಲು ತೋರಿಸಿ ಎಂದರು.

ಮಂಡ್ಯದಲ್ಲಿ ರೈಲು ಇಳಿದ ಮೇಲೆ ಅಣ್ಣ, ಅವ್ವನಿಗೆ ಹೇಳಬೇಡವೆಂದ.

ತಮ್ಮನಿಗೆ ಕಿರುಗಾವಲಿನ ಹುಡುಗಿಯನ್ನು ನೋಡಿ ಒಪ್ಪಿಯಾಗಿತ್ತು. ಅವನು ನಾಲೆಯಲ್ಲಿ ಎತ್ತು ತೊಳೆಯುತ್ತಿದ್ದಾಗ ಎಲ್ಲವನ್ನೂ ಹೇಳಿ, ಒಂದು ಸಲ ಮೈಸೂರಿಗೆ ಬಾ ಎಂದೆ. ಅವನು ಎತ್ತಿನ ಬೆನ್ನುಜ್ಜುವುದನ್ನು ನಿಲ್ಲಿಸಲಿಲ್ಲ.

“ತೋರ್ಸ್ಕಂಡು ಏನ್ ಮಾಡಾದಣ್ಣ? ನಂಗೂ ಇಲ್ಲ ಅಂದ್ಬುಟ್ರೆ ಅವ್ವ ಉಳ್ದಾಳಾ?”

ವೀಳ್ಯದ ದಿನ ಹುಡುಗಿಯ ತಂದೆ ನನ್ನೊಬ್ಬನನ್ನೇ ಹುಲ್ಲುಮೆದೆಯ ಕಡೆಗೆ ಕರೆದರು.

“ಕೇಳ್ದೆ ಅಂತ ಬ್ಯಾಸ್ರ ಮಾಡ್ಕಬ್ಯಾಡಿ. ನಿಮ್ಮಿಬ್ರ ವಿಸ್ಯ ಯಾರೋ ಏಳುದ್ರು. ಈ ಉಡ್ಗುಂಗೂ ಆ ಬಾವು ಬಂದಿತ್ತಾ?”

“ಇಲ್ಲ, ಅವುನ್ಗೆ ಬಂದಿರ್ಲಿಲ್ಲ” ಎಂದೆ.

ನಿಜವನ್ನೇ ಹೇಳಿದ್ದೆ. ಅವರ ಮುಖ ಸಡಿಲವಾಯಿತು. ಮಂಡಿನೋವಿನ ಮನುಷ್ಯ, ನಿಧಾನವಾಗಿ ಮನೆಯ ಕಡೆ ನಡೆದರು. ಕೂಗಿ ನಿಲ್ಲಿಸುವಷ್ಟು ಹೊತ್ತು ನನಗಿತ್ತು. ಒಳಗಿನಿಂದ ತಾಂಬೂಲದ ತಟ್ಟೆ ಬದಲಾಯಿಸಿದ ಸದ್ದು ಕೇಳಿದಾಗಲೂ ಮೆದೆಯ ಪಕ್ಕದಲ್ಲೇ ನಿಂತಿದ್ದೆ.

ಮದುವೆಯಾಗಿ ಮೂರು ವರ್ಷವಾದರೂ ಆ ಹುಡುಗಿ ಬಸುರಾಗಲಿಲ್ಲ. ನಮ್ಮ ಹೆಂಡಿರನ್ನು ಅವ್ವ ಒಂದು ದಿನವೂ ಬಂಜೆ ಎಂದವಳಲ್ಲ, ತಪ್ಪು ಬಾವಿನದೆಂದು ಸುಮ್ಮನಿದ್ದಳು. ಇವಳಿಗೆ ಆ ಆಸರೆಯೂ ಇರಲಿಲ್ಲ.

“ನಮ್ಮುಡ್ಗುಂಗೆ ಬಾವೇ ಬಂದಿಲ್ಲ. ಇನ್ಯಾರ್ದು ದೋಸ?” ಎಂದಳು ಅವ್ವ.

ಬೇರೆ ಹೆಣ್ಣು ತರುವ ಮಾತು ಶುರುವಾಯಿತು. ತಮ್ಮ ತಲೆಯೆತ್ತಲಿಲ್ಲ. ಅಣ್ಣ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ಮಗಳನ್ನು ಕರೆದೊಯ್ಯಲು ಅವಳ ತಂದೆ ಗಾಡಿ ತಂದರು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ನನ್ ಮಗ್ಳಿಂದ ನಿಮ್ ಮನ್ಗೆ ಇಂಗಾಯ್ತು. ತಪ್ಪು ತಿಳ್ಕಬ್ಯಾಡಿ.”

ಕೈ ಬಿಡಿಸಿಕೊಂಡು, ಹುಡುಗಿಯ ತಗಡಿನ ಪೆಟ್ಟಿಗೆಯನ್ನು ಗಾಡಿಗೆ ಎತ್ತಿಟ್ಟೆ.