ಹಾಜರಿಯಲ್ಲಿಲ್ಲದ ಹುಡುಗಿ

ರಂಗೂನಿನಲ್ಲಿ ಅಪ್ಪನದೊಂದು ಊಟದ ಹೋಟೆಲು ಇತ್ತು. ಅಲ್ಲಿನ ಸರ್ಕಾರ ಅಂಗಡಿಗಳನ್ನೆಲ್ಲ ವಶಪಡಿಸಿಕೊಂಡಾಗ ನಾವು ಉಟ್ಟ ಬಟ್ಟೆಯಲ್ಲೇ ಹಡಗು ಹತ್ತಿ ಮದರಾಸಿಗೆ, ಅಲ್ಲಿಂದ ಕೊಚ್ಚಿಗೆ ಬಂದೆವು. ಕಳಮಶ್ಶೇರಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಪ್ಪನಿಗೆ ಅಡುಗೆ ಕೆಲಸ ಸಿಕ್ಕಿತು. ಎಡಪ್ಪಳ್ಳಿಯಲ್ಲಿ ಒಂದು ಕೋಣೆಯ ಮನೆ ಹಿಡಿದೆವು. ನನಗಾಗ ಹತ್ತು ವರ್ಷ. ಅಕ್ಕಪಕ್ಕದ ಹುಡುಗಿಯರ ಜೊತೆ ಆಡುತ್ತ ಆಡುತ್ತ ಮಲಯಾಳ ಬಂದುಬಿಟ್ಟಿತು.

ಹತ್ತಿರದ ಸರ್ಕಾರಿ ಶಾಲೆಯಲ್ಲಿ ಮಾತ್ರ ನನ್ನನ್ನು ಸೇರಿಸಿಕೊಳ್ಳಲಿಲ್ಲ. ಹುಟ್ಟಿದ್ದು ಬರ್ಮಾದಲ್ಲಿ, ಅಲ್ಲಿನ ಶಾಲೆಯ ಟಿ.ಸಿ. ಇಲ್ಲ, ಈ ದೇಶದವಳೆನ್ನಲು ಆಧಾರವಿಲ್ಲ. "ಮೇಲಿನಿಂದ ಅಪ್ಪಣೆ ಬರಲಿ. ಅಲ್ಲಿಯವರೆಗೆ ಬೇಕಾದರೆ ಸುಮ್ಮನೆ ಬಂದು ಕೂತಿರಲಿ" ಎಂದರು ಹೆಡ್‌ಮಾಸ್ಟರು.

ಕೊನೆಯ ಬೆಂಚಿನಲ್ಲಿ ಕೂತೆ. ಟೀಚರ್ ಹಾಜರಿ ಕೂಗುವಾಗ ನನ್ನ ಹೆಸರು ಬರುತ್ತಿರಲಿಲ್ಲ. ಮಧ್ಯಾಹ್ನ ಮಕ್ಕಳಿಗೆ ಉಪ್ಪುಮಾವು, ಅಂದರೆ ನಮ್ಮ ಉಪ್ಪಿಟ್ಟು, ಕೊಡುತ್ತಿದ್ದರು. ಮೊದಲ ದಿನ ನಾನೂ ಸಾಲಿನಲ್ಲಿ ನಿಂತು ಬಾಳೆಲೆಯ ತುಂಡು ಚಾಚಿದೆ. ಬಡಿಸುವವಳು ಸೌಟು ಎತ್ತಿದ್ದಳು. "ಅವಳಿಗಿಲ್ಲ" ಎಂದರು ಟೀಚರ್. ಸೌಟು ಪಕ್ಕದವಳ ಎಲೆಗೆ ಹೋಯಿತು. ಖಾಲಿ ಎಲೆಯನ್ನು ಎಲ್ಲಿ ಎಸೆಯುವುದೆಂದು ತಿಳಿಯದೆ ಲಂಗದ ನೆರಿಗೆಯಲ್ಲಿ ಮುದುರಿ ಹಿಡಿದುಕೊಂಡೆ. ಇನ್‌ಸ್ಪೆಕ್ಟರು ಬಂದ ದಿನ ನನ್ನನ್ನು ಹಿಂದಿನ ಸೌದೆ ಕೊಟ್ಟಿಗೆಗೆ ಕಳಿಸಿದರು. ಅವರು ತರಗತಿಯಲ್ಲಿ ಕೇಳಿದ ಪ್ರಶ್ನೆ ಅಲ್ಲಿಗೂ ಕೇಳಿಸಿತು. ನನಗೆ ಉತ್ತರ ಗೊತ್ತಿತ್ತು.

ಅಪ್ಪಣೆ ಬರಲೇ ಇಲ್ಲ. ಅಪ್ಪನಿಗೆ ರಜೆ ಸಿಗಲಿಲ್ಲವೆಂದು ಅಮ್ಮನೇ ನನ್ನನ್ನು ಕರೆದುಕೊಂಡು ತಿರುವನಂತಪುರದ ಶಿಕ್ಷಣ ಇಲಾಖೆಯ ಕಚೇರಿಗೆ ಹೋದಳು. ಅವಳಿಗೆ ಮಲಯಾಳ ಬಾರದು. ಅವಳ ಮಾತನ್ನು ನಾನೇ ಹೇಳಬೇಕು.

ಅಧಿಕಾರಿ ನಮ್ಮನ್ನು ಕೂರಿಸಲಿಲ್ಲ. "ಹಡಗಿನಿಂದ ಇಳಿದವರಿಗೆಲ್ಲ ಸರ್ಕಾರ ಪುಕ್ಕಟೆ ಓದು, ಊಟ ಕೊಡಬೇಕೋ? ಕೇಳು ನಿನ್ನ ಅಮ್ಮನನ್ನು" ಎಂದರು. ಅತ್ತಿತ್ತ ಕೂತಿದ್ದ ಗುಮಾಸ್ತರು ನಕ್ಕರು.

"ಎಂತ ಹೇಳಿದ್ರು ಮಗಾ?" ಎಂದಳು ಅಮ್ಮ.

"ನಾವು ಯಾವ ಊರಿನವರು ಅಂತ ಕೇಳ್ತಾರೆ" ಎಂದುಬಿಟ್ಟೆ.

ಅಮ್ಮನ ಮುಖ ಅರಳಿತು. "ಕುಂದಾಪುರ ಅಂತ ಹೇಳು. ನಾನೂ ನಿನ್ನ ಅಪ್ಪನೂ ಹುಟ್ಟಿದ್ದು ಅಲ್ಲೇ. ನಮ್ಮ ಮಗಳು ಮತ್ತೆಲ್ಲಿಯವಳಾಗ್ತಾಳೆ?"

ಅದನ್ನು ಹಾಗೆಯೇ ಮಲಯಾಳದಲ್ಲಿ ಹೇಳಿದೆ. ಅಧಿಕಾರಿ ಕನ್ನಡಕ ತೆಗೆದು ಅಮ್ಮನನ್ನು ನೋಡಿದರು. "ಅಪ್ಪ ಅಮ್ಮ ಇಬ್ಬರೂ ಈ ದೇಶದಲ್ಲೇ ಹುಟ್ಟಿದವರಾ? ಇದನ್ನು ಯಾರೂ ಬರೆದೇ ಇಲ್ಲವಲ್ಲ!" ಎಂದರು. ಊರಿನಿಂದ ಅದಕ್ಕೊಂದು ದಾಖಲೆ ತರಿಸಿ ಕೊಟ್ಟರೆ ಸಾಕು ಎಂದೂ ಹೇಳಿದರು. ಅಮ್ಮ ಅವರಿಗೆ ಎರಡೂ ಕೈ ಜೋಡಿಸಿದಳು.

ಮಳೆಗಾಲ ಮುಗಿಯುವ ಮೊದಲೇ ನನ್ನನ್ನು ಸೇರಿಸಿಕೊಂಡರು, ನನಗಿಂತ ಚಿಕ್ಕವರ ತರಗತಿಗೆ. ಓದು ಮುಗಿಯಿತು, ಕೆಲಸವೂ ಸಿಕ್ಕಿತು. ಊರಿನಿಂದ ಯಾರೇ ಬರಲಿ, ಅಮ್ಮ ಆ ಅಧಿಕಾರಿಯ ಸುದ್ದಿ ಎತ್ತುತ್ತಿದ್ದಳು. "ದೇವರಂಥ ಮನುಷ್ಯ. ಎಷ್ಟು ಮರ್ಯಾದೆಯಿಂದ ನಮ್ಮ ಊರು ವಿಚಾರಿಸಿದರು!" ಎನ್ನುತ್ತಿದ್ದಳು. ಆಗೆಲ್ಲ ನಾನು ನೀರು ತರುವ ನೆಪದಲ್ಲಿ ಎದ್ದು ಒಳಗೆ ಹೋಗುತ್ತಿದ್ದೆ.