ಅತಿಥಿಯ ಕೈಗೆ ಕೊಟ್ಟ ಮೊದಲ ಪೈರು

ಹೋದ ವರ್ಷ ನಾಲೆಗೆ ನೀರು ಬಿಟ್ಟು ಮೂರು ವಾರವಾಗಿತ್ತು. ಕೆ.ಆರ್. ನಗರದ ಹತ್ತಿರದ ನಮ್ಮೂರಿನಲ್ಲಿ ಭತ್ತದ ನಾಟಿ ಶುರುವಾಗಿತ್ತು, ನಮ್ಮ ಮನೆಯಲ್ಲಿ ಹೋಂಸ್ಟೇ ಶುರುವಾಗಿತ್ತು. ಅದಕ್ಕೂ ಮುಂಚೆ ಒಂದು ತರಬೇತಿಗೆ ಹೋಗಿದ್ದೆ. ಬೇಸಾಯದ ಜೊತೆಗೆ ಪ್ರವಾಸಿಗರೂ ಬಂದರೆ ಹಳ್ಳಿ ಉಳಿಯುತ್ತದೆ, ದೇಶದ ಆರ್ಥಿಕತೆಗೂ ಬಲ ಬರುತ್ತದೆ ಎಂದು ಅಲ್ಲಿ ಹೇಳಿದ್ದರು. ದೇಶವೇ ನನ್ನ ಎರಡೆಕರೆ ಗದ್ದೆಯನ್ನು ನಂಬಿಕೊಂಡು ಕೂತಿದೆ ಎಂದು ನನಗೂ ಅನ್ನಿಸಿಬಿಟ್ಟಿತು.

ಮೊದಲ ಅತಿಥಿಗಳು ಬೆಂಗಳೂರಿನ ಎರಡು ಕುಟುಂಬ. ಐವತ್ತು ದಾಟಿದ ನನಗೆ ಚಿಂತೆ ಮಾಡುವುದೇ ಒಂದು ಕಸುಬು. ಇವರು ಬದುವಿನ ಮೇಲೆ ಜಾರಿ ಬಿದ್ದರೆ? ಕೇರೆಹಾವು ಕಂಡು ಕಿರುಚಿಕೊಂಡರೆ? ಬಸ್ಸಾರು ಖಾರವಾಯಿತು ಎಂದರೆ? ಎಲ್ಲಕ್ಕೂ ಚಿಂತಿಸಿದೆ. ಚಿಂತಿಸಬೇಕಾಗಿದ್ದ ಒಂದು ವಿಷಯ ಮಾತ್ರ ತಲೆಗೇ ಬರಲಿಲ್ಲ.

ನಮ್ಮ ಗದ್ದೆಯಲ್ಲಿ ಮೊದಲ ಹಿಡಿ ಪೈರು ನೆಡುವವಳು ಚಿಕ್ಕತಾಯಮ್ಮ, ನಾಟಿ ಗುಂಪಿನ ಹಿರಿಯಳು. ನಮ್ಮವ್ವನ ಕಾಲದಿಂದಲೂ ಆಕೆಯದೇ ಕೈ. ನಾಟಿಯ ದಿನ ತಲೆಗೆ ನೀರು ಹಾಕಿಕೊಂಡು, ಏನೂ ತಿನ್ನದೆ ಬಂದು, ಪೂರ್ವಕ್ಕೆ ಕೈಮುಗಿದು ಆಕೆ ಪೈರು ಊರಿದ ಮೇಲೆಯೇ ಉಳಿದ ಹೆಂಗಸರು ಕೆಸರಿಗಿಳಿಯುವುದು. ಅವ್ವ ತೀರಿಕೊಂಡ ವರ್ಷ ನಾನು ಗದ್ದೆ ಬೀಳು ಬಿಟ್ಟು ಕೂತಿದ್ದಾಗ, ಹೇಳಿಕಳಿಸದಿದ್ದರೂ ಗುಂಪು ಕಟ್ಟಿಕೊಂಡು ಬಂದು ನೆಟ್ಟುಕೊಟ್ಟಿದ್ದಳು.

ಅತಿಥಿಗಳಿದ್ದ ಆ ಬೆಳಿಗ್ಗೆಯೂ ಎಂದಿನಂತೆ ಮಿಂದು, ಹಸಿದುಕೊಂಡೇ ಬಂದಳು. ಪೈರಿನ ಕಟ್ಟು ಬಿಚ್ಚುವಷ್ಟರಲ್ಲಿ ಅತಿಥಿಗಳಲ್ಲಿ ಒಬ್ಬ ಹೆಂಗಸು ಕೇಳಿದರು: "ಸರ್, ಫಸ್ಟ್ ನಾನು ನೆಡ್ಲಾ? ವಿಡಿಯೋ ಚೆನ್ನಾಗಿ ಬರತ್ತೆ."

ಇಲ್ಲ ಎಂದರೆ ಬೇಜಾರಾಗುತ್ತಾರೇನೋ ಎಂಬ ಚಿಂತೆ ನನಗೆ. "ಚಿಕ್ತಾಯವ್ವ, ಇದೊಂದ್ ಸಲ ಅವ್ರೇ ನೆಡ್ಲಿ ಬುಡು" ಎಂದೆ.

ಆಕೆ ನನ್ನ ಮುಖ ನೋಡಿದಳು. "ಇನ್ನೂ ಬಾಯ್ಗೆ ನೀರ್ ಬುಟ್ಕಂಡಿಲ್ಲ ಕಣ್ ಮಗ."

"ಎಲ್ಡ್ ನಿಮ್ಸ ಅಷ್ಟೇಯ. ನೀವೆಲ್ಲಾ ಒಸಿ ಬದೀನ್ ಮ್ಯಾಲೆ ನಿಂತ್ಕಳಿ, ವಿಡಿಯೋಗೆ ಅಡ್ಡ ಬತ್ತೀರಿ."

ಅಡ್ಡ ಬರುತ್ತಾರೆ ಎಂದು ಅತಿಥಿಗಳು ಹೇಳಿರಲಿಲ್ಲ. ಅದು ನನ್ನದೇ ಬುದ್ಧಿವಂತಿಕೆ.

ಚಿಕ್ಕತಾಯಮ್ಮ ಪೈರನ್ನು ಆ ಹೆಂಗಸಿನ ಕೈಗಿಟ್ಟು ಮೇಲೆ ಹತ್ತಿದಳು. ಎರಡು ನಿಮಿಷ ಮುಕ್ಕಾಲು ಗಂಟೆಯಾಯಿತು. ಆರು ಜನ ಹೆಂಗಸರು ಸೀರೆ ಎತ್ತಿಕಟ್ಟಿಕೊಂಡು ಸಾಲಾಗಿ ನಿಂತೇ ಇದ್ದರು. "ನಮ್ಗೂ ಟಿಕೀಟ್ ಕೊಡ್ಸಿ ಗೌಡ್ರೇ, ನೋಡಕ್ ಚೆಂದಾಗದೆ" ಎಂದಳು ಒಬ್ಬಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಚಿಕ್ಕತಾಯಮ್ಮ ನಗಲಿಲ್ಲ. ಅತಿಥಿಗಳು ಖುಷಿಯಾಗಿ ಕೈಕಾಲು ತೊಳೆದು ಹೋದರು. ಅವರು ನೆಟ್ಟ ಪೈರು ಆಗಲೇ ತೇಲತೊಡಗಿತ್ತು.

"ಬಾರವ್ವ, ಈಗ ನೀನ್ ಸುರು ಮಾಡು" ಎಂದೆ.

"ಸುರು ಆಗೋಯ್ತಲ್ಲ ಮಗ. ಒಂದ್ ಗದ್ದೆಗೆ ಎಲ್ಡ್ ಸಲ ಸುರು ಮಾಡಕ್ಕಾದದಾ?" ಎಂದವಳು ನಾಲೆಯಲ್ಲಿ ಕಾಲು ತೊಳೆದುಕೊಂಡು ಮನೆಗೆ ಹೋದಳು. ಉಳಿದ ಐವರು ತೇಲಿದ ಪೈರು ಆಯ್ದು ಮತ್ತೆ ನೆಟ್ಟರು. ನಾಟಿಯ ಹಾಡನ್ನು ಯಾರೂ ಎತ್ತಲಿಲ್ಲ.

ಸಂಜೆ ಆಕೆಯ ಮನೆಗೆ ಹೋದೆ. ಕಾಫಿ ಕೊಟ್ಟಳು. ಅತಿಥಿಗಳು ಉಂಡರಾ ಎಂದು ವಿಚಾರಿಸಿದಳು. ಬೆಳಗಿನ ವಿಷಯ ನಾನು ಎತ್ತುವಷ್ಟರಲ್ಲಿ ಎಮ್ಮೆಗೆ ಹುಲ್ಲು ಹಾಕಲು ಎದ್ದಳು. ತಪ್ಪಾಯಿತು ಎನ್ನುವ ಒಂದು ಮಾತನ್ನು ನುಂಗಿಕೊಂಡೇ ವಾಪಸು ಬಂದೆ.

ಈ ವರ್ಷ ಆಕೆಯ ಗುಂಪು ನಾಲೆಯಾಚೆಯ ಗದ್ದೆಗೆ ಹೋಯಿತು. ನಾನು ಬಿಳಿಕೆರೆ ಕಡೆಯಿಂದ ಆಳು ಕರೆಸಿದೆ. ಮೊದಲ ಪೈರು ನೀನಿಡು ಎಂದರೆ ನನ್ನ ಹೆಂಡತಿ, "ಚಿಕ್ತಾಯವ್ವ ಇರೋವಾಗ ನಾನ್ ಇಡಾಕಿಲ್ಲ. ಅವ್ರ ಕೈಯಿಂದ ಕಿತ್ಕಂಡವ್ರು ನೀವು, ನೀವೇ ಇಡಿ" ಎಂದಳು.

ಪಂಚೆ ಎತ್ತಿಕಟ್ಟಿ ಇಳಿದೆ. "ಇದೇನ್ ಸಾಮಿ, ಗಂಡಸ್ರು ನಾಟಿ ಸುರು ಮಾಡದು ನಿಮ್ಮೂರ್ ಪದ್ಧತಿಯಾ?" ಎಂದು ಹೊಸ ಹೆಂಗಸರು ಮುಸಿಮುಸಿ ನಕ್ಕರು. ಹೌದು ಎಂದೆ.

ಹೋಂಸ್ಟೇ ಚೆನ್ನಾಗಿಯೇ ನಡೆಯುತ್ತಿದೆ. ಬಂದವರೆಲ್ಲ ನನ್ನನ್ನು ಬಹಳ ಒಳ್ಳೆಯವರು ಎಂದು ಹೊಗಳಿ ಹೋಗುತ್ತಾರೆ. ನಾನು ಪೈರು ಹಿಡಿದು ಗದ್ದೆಗಿಳಿದ ಆ ಬೆಳಿಗ್ಗೆ ನಾಲೆಯಾಚೆ ಚಿಕ್ಕತಾಯಮ್ಮ ಪೂರ್ವಕ್ಕೆ ಕೈಮುಗಿದು ಬಗ್ಗುವುದು ಕಾಣುತ್ತಿತ್ತು. ಕೂಗಿದರೆ ಕೇಳುವಷ್ಟೇ ದೂರ. ಕೂಗಲು ಬಾಯಿಯನ್ನೂ ತೆರೆದೆ. ಏನೆಂದು ಕೂಗಬೇಕೋ ತಿಳಿಯದೆ, ಪಕ್ಕದಲ್ಲಿ ನಿಂತಿದ್ದ ಆಳಿನ ಕಡೆ ತಿರುಗಿ, ಇನ್ನೊಂದು ಹಿಡಿ ಪೈರು ಕೊಡಿ ಎಂದೆ.